ಉನ್ನತ ಪರ್ವತಗಳಲ್ಲಿ ಅಗ್ನಿಸಾಧನ

ಪರ್ವತಾರೋಹಣದ ಇತಿಹಾಸವನ್ನು ಬರೆಯುವವರು ಆರೋಹಿಗಳ ಧೈರ್ಯ, ಹವಾಮಾನ, ಆಮ್ಲಜನಕದ ಉಪಕರಣ ಇವುಗಳಿಗೆ ಸಹಜವಾಗಿಯೇ ಪ್ರಾಧಾನ್ಯವನ್ನು ಕೊಡುತ್ತಾರೆ. ಶಿಬಿರದಲ್ಲಿ ಬೆಂಕಿ ಹೊತ್ತಿತೇ ಇಲ್ಲವೇ ಎಂಬ ಪ್ರಶ್ನೆ ಅವರಿಗೆ ಅಲ್ಪವಾಗಿ ತೋರುವುದುಂಟು. ಆದರೆ ಹಿಮರೇಖೆಯ ಮೇಲೆ ನೀರು ಹೆಪ್ಪುಗಟ್ಟಿರುತ್ತದೆ. ಹಿಮವನ್ನು ಕರಗಿಸದ ಹೊರತು ಕುಡಿಯಲು ನೀರಿಲ್ಲ. ತೆಳುವಾದ, ಒಣಗಿದ ವಾಯುವಿನಲ್ಲಿ ವೇಗವಾಗಿ ಉಸಿರಾಡುವವನ ದೇಹವು ಬಹಳ ತೇವವನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಅಲ್ಲಿ ಬೆಂಕಿಯು ಜೀವನ್ಮರಣದ ವಿಷಯವಾಗಿದೆ.

ಇಂದು ಬಹುಮಂದಿ ಶಿಬಿರವಾಸಿಗಳು ಬೆಂಕಿ ಹೊತ್ತಿಸಲು ಬ್ಯೂಟೇನ್ ಲೈಟರನ್ನು ನಂಬಿರುತ್ತಾರೆ. ಅದು ಎತ್ತರದಲ್ಲಿ ಕೆಲಸಮಾಡದೆಂಬ ಮಾತು ಪ್ರಚಲಿತವಾಗಿದೆ. ಇದನ್ನು ವಿವೇಚಿಸಿ ನೋಡಬೇಕು. ಲೈಟರಿನೊಳಗೆ ಬ್ಯೂಟೇನ್ ದ್ರವರೂಪದಲ್ಲಿದ್ದು, ಅದರ ಆವಿಯು ಹೊರಗಿನ ವಾಯುವಿನ ಒತ್ತಡವನ್ನು ಮೀರಿದಾಗ ಮಾತ್ರ ಹೊರಹೊಮ್ಮುತ್ತದೆ. ಸಮುದ್ರಮಟ್ಟದಲ್ಲಿ ಈ ದ್ರವದ ಕುದಿಬಿಂದು ಸುಮಾರು -0.5 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಚಳಿಯಾದರೆ ಅನಿಲವು ಹೊರಡದು. ಸುಮಾರು 5,500 ಮೀಟರ್ ಎತ್ತರದಲ್ಲಿ ವಾಯುವಿನ ಒತ್ತಡ ಅರ್ಧಕ್ಕಿಳಿಯುವುದರಿಂದ ಕುದಿಬಿಂದುವೂ ಇಳಿದು, ಅನಿಲವು ಇನ್ನೂ ಹೆಚ್ಚಿನ ಚಳಿಯಲ್ಲಿ ಹೊರಬರಬಲ್ಲದು. ಹೀಗೆ ಅನಿಲದ ಮಟ್ಟಿಗೆ ಎತ್ತರವು ಶತ್ರುವಲ್ಲ, ಚಳಿಯೇ ಶತ್ರು. ಎತ್ತರದ ತೊಂದರೆ ಬೇರೆಡೆಯಲ್ಲಿದೆ. ವಾಯು ತೆಳುವಾದಂತೆ ಆಮ್ಲಜನಕ ಕಡಿಮೆಯಾಗಿ ಜ್ವಾಲೆಯು ಅಸ್ಥಿರವಾಗುತ್ತದೆ. ಗುಂಡಿಯೊತ್ತಿದಾಗ ವಿದ್ಯುತ್ ಕಿಡಿ ಹಾರಿಸುವ ಲೈಟರುಗಳು ಅನೇಕ ವೇಳೆ ಕೈಕೊಡುತ್ತವೆ. ಚಕ್ರವನ್ನು ತಿರುಗಿಸಿ ಕಲ್ಲಿನಿಂದ ಕಿಡಿ ಎಬ್ಬಿಸುವ ಲೈಟರು ಇದಕ್ಕಿಂತ ನಂಬಿಕೆಗೆ ಅರ್ಹವಾದುದು.

ಬ್ಯೂಟೇನ್ ಲೈಟರು ಬಳಕೆಗೆ ಬರುವ ಮುನ್ನವೂ ಆರೋಹಿಗಳು ಇದೇ ಸಮಸ್ಯೆಯನ್ನು ಎದುರಿಸಿದ್ದರು. ಎವರೆಸ್ಟಿನ ಇತಿಹಾಸದಿಂದ ಮೂರು ನಿದರ್ಶನಗಳನ್ನು ಕೊಡಬಹುದು. 1924ರ ಜೂನ್‌ನಲ್ಲಿ ಮ್ಯಾಲೊರಿಯು ತನ್ನ ಸಂಗಡಿಗ ಓಡೆಲ್‌ಗೆ ಕಳುಹಿಸಿದ ಚೀಟಿಯಲ್ಲಿ, ತಮ್ಮ ಒಲೆಯು ಇಳಿಜಾರಿನಲ್ಲಿ ಉರುಳಿಹೋದುದನ್ನು ತಿಳಿಸಿದ್ದನು. ಜೂನ್ 8ರಂದು ಶಿಖರದತ್ತ ಹೊರಟ ಮ್ಯಾಲೊರಿ ಮತ್ತು ಅರ್ವಿನ್ ಹಿಂದಿರುಗಲಿಲ್ಲ. ಒಲೆಯ ನಷ್ಟವೇ ಅವರ ಮರಣಕ್ಕೆ ಕಾರಣವೆಂದು ಹೇಳಲು ಆಧಾರವಿಲ್ಲವಾದರೂ, ಈ ಸಂಗತಿಯನ್ನು ಇತಿಹಾಸಕಾರನು ಅಲಕ್ಷಿಸಲಾಗದು. 1952ರ ಮೇ 27ರ ರಾತ್ರಿ ಸ್ವಿಸ್ ತಂಡದ ಲ್ಯಾಂಬರ್ಟ್ ಮತ್ತು ತೇನ್‌ಸಿಂಗ್ ಸುಮಾರು 8,400 ಮೀಟರ್ ಎತ್ತರದಲ್ಲಿ ಒಲೆಯಾಗಲಿ, ಮಲಗುವ ಚೀಲವಾಗಲಿ ಇಲ್ಲದೆ ಕಳೆದರು. ಮೇಣದಬತ್ತಿಯ ಮೇಲೆ ಡಬ್ಬಿಯನ್ನು ಹಿಡಿದು ಕರಗಿಸಿದ ಸ್ವಲ್ಪ ನೀರೇ ಅವರಿಗೆ ದೊರೆತುದು. ಮರುದಿನ ಅವರು ಸುಮಾರು 8,600 ಮೀಟರಿನವರೆಗೆ ಏರಿ, ಬಳಲಿ ಹಿಂದಿರುಗಿದರು.

1953ರ ಬ್ರಿಟಿಷ್ ತಂಡದಲ್ಲಿದ್ದ ಶರೀರವಿಜ್ಞಾನಿ ಗ್ರಿಫಿತ್ ಪ್ಯೂ, ಆರೋಹಿಗಳು ಹೇರಳವಾಗಿ ದ್ರವವನ್ನು ಸೇವಿಸಬೇಕೆಂದು ಒತ್ತಿಹೇಳಿದನು. ಮೇ 28ರ ರಾತ್ರಿ ಸುಮಾರು 8,500 ಮೀಟರ್ ಎತ್ತರದಲ್ಲಿ ಹಿಲರಿ ಮತ್ತು ತೇನ್‌ಸಿಂಗರಿಗೆ ಉರಿಯುವ ಒಲೆಯಿತ್ತು, ಬಿಸಿ ಪಾನೀಯವಿತ್ತು. ಬೆಳಗಿನಲ್ಲಿ ಕಲ್ಲಿನಂತೆ ಗಟ್ಟಿಯಾಗಿದ್ದ ಹಿಲರಿಯ ಬೂಟುಗಳು ಮೆತ್ತಗಾದುದೂ ಆ ಒಲೆಯ ಮೇಲೆಯೇ. ಅಂದೇ ಅವರು ಶಿಖರವನ್ನು ಮುಟ್ಟಿದರು. ಉತ್ತಮವಾದ ಆಮ್ಲಜನಕದ ಉಪಕರಣ, ತಂಡದ ವ್ಯವಸ್ಥೆ ಮೊದಲಾದ ಕಾರಣಗಳೂ ಇದ್ದವು. ಆದರೆ ಎರಡು ವರ್ಷಗಳ ಆ ಎರಡು ರಾತ್ರಿಗಳ ಅಂತರದಲ್ಲಿ ಒಲೆಗೂ ಪಾಲುಂಟೆಂಬುದನ್ನು ನಾವು ಒಪ್ಪಬೇಕಾಗುತ್ತದೆ.

ಹಿಮಾಲಯದ ಚಾರಣಕ್ಕೆ ಹೋಗುವ ವಿದ್ಯಾರ್ಥಿಗಳಿಗೆ ಇದರಿಂದ ದೊರೆಯುವ ಪಾಠ ಸರಳವಾದುದು. ಲೈಟರನ್ನು ಹೊರಚೀಲದಲ್ಲಿಡದೆ ಮೈಗೆ ತಾಗುವ ಒಳಜೇಬಿನಲ್ಲಿಟ್ಟು ಬೆಚ್ಚಗಿರಿಸಬೇಕು. ತೇವ ತಾಗದಂತೆ ಕಟ್ಟಿದ ಬೆಂಕಿಪೊಟ್ಟಣವೂ ಜೊತೆಗಿರಬೇಕು. ಮುಚ್ಚಿದ ಗುಡಾರದಲ್ಲಿ ಒಲೆ ಉರಿಸುವುದು ಅಪಾಯಕರ. ಅರೆಬರೆ ಉರಿದ ಇಂಧನದಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆಯೇ ಕೊಲ್ಲುತ್ತದೆ. ಇತಿಹಾಸದ ವಿದ್ಯಾರ್ಥಿಗಾದರೋ, ಸಾಹಸಯಾತ್ರೆಗಳ ಸಾಮಾನುಪಟ್ಟಿಯೂ ದಿನಚರಿಯಷ್ಟೇ ಗಮನಾರ್ಹವಾದ ಆಧಾರವೆಂಬುದು ಇಲ್ಲಿ ವ್ಯಕ್ತವಾಗುತ್ತದೆ.