ಗದ್ದೆಗೆ ಹಂದಿ ಬಂದ್ರೆ ಕೋವಿ ಎತ್ತಬಹುದಾ?

ಕೊಲ್ಲೂರು ಕಡೆ ಕಾಡುಹಂದಿ ಹಿಂಡು ಒಂದೇ ರಾತ್ರಿಗೆ ಗದ್ದೆ ಮುಗಿಸ್ತದೆ. ಬೆಳೆ ಕಾಯೋಕೆ ಲೈಸೆನ್ಸ್ ಇರೋ ಕೋವಿ ಮನೇಲಿದೆ. ಹೊಡಿಬಹುದಾ?

ಹಾಗೇ ಹೊಡೆಯೋ ಹಾಗಿಲ್ಲ. ಕೋವಿ ಲೈಸೆನ್ಸ್ ಬೇರೆ, ಬೇಟೆ ಅನುಮತಿ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ನಿಷೇಧಿಸಿದೆ. ಆದ್ರೆ 11ನೇ ಸೆಕ್ಷನ್‌ನಲ್ಲಿ ಒಂದು ದಾರಿ ಇದೆ: ಬೆಳೆಗೆ ಅಪಾಯ ಅಂತಾದ್ರೆ ಮುಖ್ಯ ವನ್ಯಜೀವಿ ಪರಿಪಾಲಕರು, ಅಥವಾ ಅವರು ಅಧಿಕಾರ ಕೊಟ್ಟವರು, ಕಾರಣ ಬರೆದು ಹೊಡೆಯಲು ಆದೇಶ ಕೊಡಬಹುದು. ಪಕ್ಕದ ಕೇರಳ 2022ರಲ್ಲಿ ಈ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರಿಗೂ ಕೊಟ್ಟಿತು. ನಮ್ಮ ಮೂಕಾಂಬಿಕಾ ಅಭಯಾರಣ್ಯದ ಒಳಗಂತೂ ನಿಯಮ ಇನ್ನೂ ಬಿಗಿ.

ಬೆಳೆ ಹಾಳಾದ್ರೆ ಮೊದಲು ಫೋಟೋ ತೆಗೀರಿ. ವಲಯ ಅರಣ್ಯ ಕಚೇರಿಗೆ ಪರಿಹಾರಕ್ಕೆ ಅರ್ಜಿ ಹಾಕಿ, ಅನುಮತಿಯನ್ನೂ ಕೇಳಿ. ಲಿಖಿತ ಆದೇಶ ಇಲ್ಲದೆ ಗುಂಡು ಹಾರಿಸಿದ್ರೆ, ಬೆಳೆ ಕಳ್ಕೊಂಡವರೇ ಆರೋಪಿ ಆಗ್ತಾರೆ.