ಪ್ರಯಾಣದ ವ್ಯಾನಿಗೆ ಒಂದು ಒಣ ಶೌಚಾಲಯ

ಶರೀರದ ಕೆಲವು ವೇಗಗಳನ್ನು ಬಲವಂತವಾಗಿ ತಡೆಯಬಾರದೆಂದು ಆಯುರ್ವೇದವು ಎಚ್ಚರಿಸುತ್ತದೆ. ಚರಕಸಂಹಿತೆಯು ಅಂತಹ 13 ವೇಗಗಳನ್ನು ಎಣಿಸುವಾಗ ಮೊದಲು ಹೇಳುವುದು ಮೂತ್ರ ಮತ್ತು ಮಲಗಳ ವೇಗವನ್ನೇ. ಮನೆಯಲ್ಲಿರುವಾಗ ಈ ನಿಯಮವನ್ನು ಪಾಲಿಸುವುದು ಸುಲಭ. ಪ್ರಯಾಣಕ್ಕೆ ಹೊರಟೊಡನೆ ಅದೇ ನಿಯಮವು ಕಷ್ಟವಾಗುತ್ತದೆ. ವಿಶೇಷವಾಗಿ ಹೆಣ್ಣುಮಕ್ಕಳಿಗೂ ವಯಸ್ಸಾದವರಿಗೂ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯವರೆಲ್ಲ ಒಂದು ವ್ಯಾನಿನಲ್ಲಿ ದೂರದ ಪ್ರವಾಸಕ್ಕೆ ಹೊರಟಿದ್ದೆವು. ನಮ್ಮ ತಾಯಿಯವರು ದಾರಿಯುದ್ದಕ್ಕೂ ನೀರನ್ನು ಮುಟ್ಟಲಿಲ್ಲ. ಕೇಳಿದರೆ ಬಾಯಾರಿಕೆಯಿಲ್ಲ ಎನ್ನುತ್ತಿದ್ದರು. ಮೂರನೆಯ ದಿನ ಉರಿಮೂತ್ರ ಕಾಣಿಸಿಕೊಂಡಿತು. ರಾತ್ರಿ ಚಳಿಜ್ವರ ಬಂದಿತು. ವೈದ್ಯರು ಮೂತ್ರನಾಳದ ಸೋಂಕೆಂದು ಹೇಳಿ ಔಷಧ ಕೊಟ್ಟ ಮೇಲೆಯೇ ಅವರು ನಿಜವನ್ನು ಹೇಳಿದುದು: ದಾರಿಯಲ್ಲಿ ಹೋಗಲು ಸ್ಥಳವಿಲ್ಲವೆಂದು ಅವರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ನೀರು ಕಡಿಮೆಯಾದರೆ ಮೂತ್ರವು ಕಡಿಮೆಯಾಗುತ್ತದೆ. ಮೂತ್ರಕೋಶದೊಳಗೆ ಸೇರಿದ ಸೂಕ್ಷ್ಮಾಣುಗಳು ಹೊರಗೆ ತೊಳೆದುಹೋಗದೆ ಅಲ್ಲಿಯೇ ವೃದ್ಧಿಯಾಗುತ್ತವೆ. ಮಲಬದ್ಧತೆ, ತಲೆನೋವು, ಆಯಾಸಗಳಿಗೂ ಇದೇ ದಾರಿಯಾಗುತ್ತದೆ. ಆ ಪ್ರವಾಸದ ನಂತರ ವ್ಯಾನಿನಲ್ಲಿಯೇ ಒಂದು ಶೌಚದ ಏರ್ಪಾಡು ಇರಬೇಕೆಂದು ನಾನು ನಿಶ್ಚಯಿಸಿದೆನು.

ಒಣ ಶೌಚಾಲಯವೆಂದರೇನು?

ಈ ಹೆಸರನ್ನು ಕೇಳಿದೊಡನೆ ಹಿರಿಯರ ಮನಸ್ಸಿಗೆ ಹಿಂದಿನ ಕಾಲದ ಕಕ್ಕಸುಗಳು ಬರುತ್ತವೆ. ಒಬ್ಬರ ಮಲವನ್ನು ಇನ್ನೊಬ್ಬರು ಕೈಯಿಂದ ಬಾಚಿ ತಲೆಯ ಮೇಲೆ ಹೊತ್ತೊಯ್ಯುತ್ತಿದ್ದ ಆ ಅಮಾನುಷ ಪದ್ಧತಿಯನ್ನು 1993ರ ಕಾಯ್ದೆಯೂ 2013ರ ಕಾಯ್ದೆಯೂ ನಿಷೇಧಿಸಿವೆ. ನಾವು ಇಲ್ಲಿ ಹೇಳುವ ಏರ್ಪಾಡು ಅದಲ್ಲ. ಇದರಲ್ಲಿ ನೀರಿನ ಬದಲಾಗಿ ಒಣ ಪುಡಿಯಿಂದ ಮಲವನ್ನು ಮುಚ್ಚಲಾಗುತ್ತದೆ. ಅದನ್ನು ಬಳಸಿದವರೇ ಅದನ್ನು ತೆಗೆದು ಮಣ್ಣಿಗೆ ಸೇರಿಸುತ್ತಾರೆ. ಈ ಎರಡನೆಯ ಮಾತು ತಪ್ಪಿದರೆ ಹೊಸ ಹೆಸರಿನಲ್ಲಿ ಹಳೆಯ ಅನ್ಯಾಯವೇ ಮರಳಿ ಬರುತ್ತದೆ.

ಒಣ ಮಣ್ಣಿನ ಗುಣವನ್ನು ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದ ಹೆನ್ರಿ ಮೌಲ್ ಎಂಬ ಪಾದ್ರಿಯವರು ಚೆನ್ನಾಗಿ ಗಮನಿಸಿದ್ದರು. ಕಾಲರಾ ಬೇನೆಯ ಹಾವಳಿಯನ್ನು ಕಣ್ಣಾರೆ ಕಂಡಿದ್ದ ಅವರು, ಒಣ ಮಣ್ಣು ಮುಚ್ಚಿದ ಮಲವು ಕೆಲವು ವಾರಗಳಲ್ಲಿ ವಾಸನೆಯನ್ನು ಕಳೆದುಕೊಳ್ಳುವುದನ್ನು ಕಂಡುಕೊಂಡು, 1860ರಲ್ಲಿ ಮಣ್ಣಿನ ಶೌಚಾಲಯಕ್ಕೆ ಹಕ್ಕುಪತ್ರವನ್ನು ಪಡೆದರು. ಇಂದು ಯುರೋಪು, ಅಮೆರಿಕಗಳಲ್ಲಿ ಕ್ಯಾಂಪರ್ ವ್ಯಾನುಗಳನ್ನೇ ಮನೆಯಾಗಿಸಿಕೊಂಡು ತಿರುಗುವ ಅನೇಕರು ಇದೇ ತತ್ತ್ವವನ್ನು ಅನುಸರಿಸಿ ತಮ್ಮ ಶೌಚಾಲಯವನ್ನು ತಾವೇ ಕಟ್ಟಿಕೊಳ್ಳುತ್ತಾರೆ.

ಮೂಲಸೂತ್ರ: ಎರಡನ್ನೂ ಬೆರೆಸಬಾರದು

ನನ್ನ ಮೊದಲ ಪ್ರಯತ್ನವು ವಿಫಲವಾಯಿತು. ಒಂದು ಬಕೆಟ್ಟಿಗೆ ಮರದ ಹೊಟ್ಟು ಹಾಕಿ ಅದರ ಮೇಲೆ ಆಸನವನ್ನಿರಿಸಿದೆನು. ಮರುದಿನ ಬೆಳಿಗ್ಗೆಯ ಹೊತ್ತಿಗೆ ವ್ಯಾನಿನೊಳಗೆ ಕುಳಿತುಕೊಳ್ಳಲಾಗಲಿಲ್ಲ. ದೋಷವು ಎಲ್ಲಿತ್ತೆಂಬುದು ನಂತರ ತಿಳಿಯಿತು.

ವಯಸ್ಕರೊಬ್ಬರು ದಿನಕ್ಕೆ ಸುಮಾರು 1ರಿಂದ 2 ಲೀಟರಿನಷ್ಟು ಮೂತ್ರವನ್ನು ವಿಸರ್ಜಿಸುತ್ತಾರೆ. ಮಲವಾದರೋ ಕೆಲವು ನೂರು ಗ್ರಾಮುಗಳಿಗಿಂತ ಹೆಚ್ಚಿರುವುದಿಲ್ಲ. ಆರೋಗ್ಯವಂತರ ತಾಜಾ ಮೂತ್ರಕ್ಕೆ ತೀವ್ರವಾದ ವಾಸನೆಯಿಲ್ಲ. ಅದು ಮಲದೊಡನೆ ಬೆರೆತಾಗ ಅಲ್ಲಿಯ ಸೂಕ್ಷ್ಮಾಣುಗಳು ಮೂತ್ರದಲ್ಲಿರುವ ಯೂರಿಯಾವನ್ನು ಒಡೆದು ಅಮೋನಿಯವನ್ನು ಬಿಡುಗಡೆ ಮಾಡುತ್ತವೆ. ಇತ್ತ ಹಸಿಯಾದ ಮಲವು ಗಾಳಿಯಿಲ್ಲದೆ ಕೊಳೆಯುತ್ತದೆ. ಎರಡನ್ನೂ ಬೇರೆಬೇರೆಯಾಗಿ ಹಿಡಿದರೆ ಮಲವು ಒಣಗುತ್ತದೆ, ವಾಸನೆಯು ಬಹಳಮಟ್ಟಿಗೆ ಇಲ್ಲವಾಗುತ್ತದೆ. ಮುಂದಿನ ವಿನ್ಯಾಸವೆಲ್ಲವೂ ಈ ಒಂದು ಸೂತ್ರದ ವಿಸ್ತಾರವೇ ಆಗಿದೆ.

ಪೆಟ್ಟಿಗೆಯ ರಚನೆ

12 ಮಿ.ಮೀ. ದಪ್ಪದ, ನೀರಿಗೆ ಹಾಳಾಗದ ಪ್ಲೈವುಡ್ಡಿನಿಂದ ಒಂದು ಪೆಟ್ಟಿಗೆಯನ್ನು ಮಾಡಿಸಬೇಕು. ಅಗಲ 42 ಸೆಂ.ಮೀ., ಮುಂದಿನಿಂದ ಹಿಂದಕ್ಕೆ 55 ಸೆಂ.ಮೀ., ಎತ್ತರ 43 ಸೆಂ.ಮೀ. ಇರಲಿ. ಮೊಣಕಾಲು ನೋವಿರುವ ಹಿರಿಯರಿಗೆ ಈ ಎತ್ತರವು ಅನುಕೂಲ. ಮೇಲ್ಭಾಗದ ಹಲಗೆಯು ಕೀಲಿನ ಮೇಲೆ ಎತ್ತುವಂತಿರಬೇಕು. ಒಳಮೈಗೆ ಎರಡು ಮೂರು ಸಲ ಬಣ್ಣ ಅಥವಾ ವಾರ್ನಿಶ್ ಹಚ್ಚಬೇಕು. ಹಸಿ ಮರವು ಒಮ್ಮೆ ವಾಸನೆಯನ್ನು ಹೀರಿಕೊಂಡರೆ ಮತ್ತೆ ಬಿಡುವುದಿಲ್ಲ.

ಪೆಟ್ಟಿಗೆಯ ಹಿಂಭಾಗದಲ್ಲಿ 15 ಲೀಟರಿನ ಬಕೆಟ್ಟನ್ನೂ ಮುಂಭಾಗದಲ್ಲಿ 5 ಲೀಟರಿನ ಪ್ಲಾಸ್ಟಿಕ್ ಕ್ಯಾನನ್ನೂ ಇರಿಸಬೇಕು. ಕ್ಯಾನಿನ ಎತ್ತರವು 28 ಸೆಂ.ಮೀ. ಮೀರದಿರಲಿ. ಅದಕ್ಕಿಂತ ದೊಡ್ಡ ಕ್ಯಾನು ತುಂಬಿದಾಗ ಮನೆಯ ಎಲ್ಲರೂ ಎತ್ತಲಾರರು. ದೊಡ್ಡದನ್ನು ತರುವುದಕ್ಕಿಂತ ಇನ್ನೊಂದು ಖಾಲಿ ಕ್ಯಾನನ್ನು ಜೊತೆಯಲ್ಲಿಟ್ಟುಕೊಳ್ಳುವುದು ಲೇಸು.

ಆಸನದ ಕೆಳಗೆ ಮೂತ್ರವನ್ನು ಬೇರ್ಪಡಿಸುವ ತಟ್ಟೆಯನ್ನು ಜೋಡಿಸಬೇಕು. ಇದರ ಮುಂಭಾಗವು ಆಲಿಕೆಯಂತೆ ಕ್ಯಾನಿಗೆ ಇಳಿಯುತ್ತದೆ. ಹಿಂಭಾಗವು ತೆರೆದಿದ್ದು ನೇರವಾಗಿ ಬಕೆಟ್ಟಿಗೆ ಬೀಳುತ್ತದೆ. ಸಿದ್ಧವಾದುದನ್ನು ಕೊಳ್ಳಬಹುದು, ಅಥವಾ ಗಟ್ಟಿಯಾದ ಪ್ಲಾಸ್ಟಿಕ್ ಡಬ್ಬಿಯನ್ನು ಕತ್ತರಿಸಿ ಮಾಡಿಕೊಳ್ಳಬಹುದು. ಆಲಿಕೆಯ ಕೊಳವೆಯು 25 ಮಿ.ಮೀ.ಗಿಂತ ಕಿರಿದಾಗಿರಬಾರದು, ಎಲ್ಲಿಯೂ ತಗ್ಗಾಗದೆ ಇಳಿಜಾರಾಗಿಯೇ ಇರಬೇಕು. ತಗ್ಗಿನಲ್ಲಿ ಮೂತ್ರವು ನಿಂತರೆ ಲವಣವು ಕಟ್ಟಿಕೊಂಡು ಕೊಳವೆಯು ಮುಚ್ಚಿಹೋಗುತ್ತದೆ. ಆಲಿಕೆಯ ಬಾಯಿಗೆ ಟೇಬಲ್ ಟೆನಿಸ್ ಆಡುವ ಹಗುರವಾದ ಚೆಂಡೊಂದನ್ನಿಟ್ಟರೆ ಮೂತ್ರ ಬಂದಾಗ ಅದು ತೇಲಿ ದಾರಿ ಬಿಡುತ್ತದೆ, ಉಳಿದ ಸಮಯದಲ್ಲಿ ಕ್ಯಾನಿನ ವಾಸನೆಯನ್ನು ತಡೆಯುತ್ತದೆ. ಈ ಶೌಚಾಲಯದಲ್ಲಿ ಗಂಡಸರೂ ಕುಳಿತೇ ಮೂತ್ರ ವಿಸರ್ಜಿಸಬೇಕು. ತಟ್ಟೆಯನ್ನು ಭದ್ರಪಡಿಸುವ ಮೊದಲು ಮನೆಯ ಹೆಂಗಸರೂ ಗಂಡಸರೂ ಕುಳಿತು ನೋಡಿ ಸರಿಯಾದ ಸ್ಥಾನವನ್ನು ಗುರುತಿಸುವುದು ಅವಶ್ಯ.

ಕಂಪ್ಯೂಟರಿನಲ್ಲಿ ಬಳಸುವ 12 ವೋಲ್ಟಿನ ಚಿಕ್ಕ ಫ್ಯಾನೊಂದನ್ನು ಪೆಟ್ಟಿಗೆಗೆ ಅಳವಡಿಸಿ ಒಳಗಿನ ಗಾಳಿಯನ್ನು ಕೊಳವೆಯ ಮೂಲಕ ವಾಹನದ ಹೊರಗೆ ಬಿಡಬೇಕು. ಇಂತಹ ಫ್ಯಾನು ಒಂದೆರಡು ವಾಟ್ ವಿದ್ಯುತ್ತನ್ನು ಮಾತ್ರ ಬಳಸುತ್ತದೆ. ಕೊಳವೆಯ ಹೊರತುದಿಗೆ ನೊಣ ನುಸುಳದಂತೆ ಸಣ್ಣ ಜಾಲರಿಯನ್ನು ಕಟ್ಟಬೇಕು.

ಪೆಟ್ಟಿಗೆಯನ್ನು ವ್ಯಾನಿನ ನೆಲಕ್ಕೆ ಬೋಲ್ಟಿನಿಂದ ಬಿಗಿದು, ಬಕೆಟ್ಟು ಮತ್ತು ಕ್ಯಾನುಗಳನ್ನು ಪಟ್ಟಿಯಿಂದ ಕಟ್ಟಬೇಕು. ಬ್ರೇಕು ಹಾಕಿದಾಗ ಅವು ಉರುಳಬಾರದು. ವಾಹನವು ಚಲಿಸುತ್ತಿರುವಾಗ ಯಾರೂ ಇದನ್ನು ಬಳಸಬಾರದು.

ಮುಚ್ಚುವ ಪುಡಿ

ಬಕೆಟ್ಟಿನ ತಳಕ್ಕೆ ಎರಡು ಅಂಗುಲದಷ್ಟು ಒಣ ಪುಡಿಯನ್ನು ಹರಡಿ, ಪ್ರತಿಸಲವೂ ಮಲವು ಕಾಣದಂತೆ ಒಂದೆರಡು ಹಿಡಿ ಹಾಕಬೇಕು. ಮರದ ಹೊಟ್ಟು, ತೆಂಗಿನ ನಾರಿನ ಪುಡಿ, ಒಣಗಿಸಿ ಜರಡಿ ಹಿಡಿದ ಮಣ್ಣು ಇವುಗಳಲ್ಲಿ ಯಾವುದಾದರೂ ಆಗಬಹುದು. ಪ್ಲೈವುಡ್ ಕೊಯ್ದ ಪುಡಿಯಲ್ಲಿ ಅಂಟಿನ ರಾಸಾಯನಿಕಗಳಿರುವುದರಿಂದ ಅದು ಬೇಡ. ಕಟ್ಟಿಗೆಯ ಬೂದಿಯನ್ನು ಸ್ವಲ್ಪ ಬೆರೆಸಿದರೆ ಅದರ ಕ್ಷಾರಗುಣವು ರೋಗಾಣುಗಳನ್ನು ಕುಗ್ಗಿಸುತ್ತದೆ. ಆದರೆ ಒಲೆಯಿಂದ ತೆಗೆದ ಬೂದಿಯು ಸಂಪೂರ್ಣವಾಗಿ ತಣಿದಿರಬೇಕು. ಒಂದು ಕಿಡಿ ಉಳಿದಿದ್ದರೂ ವ್ಯಾನಿಗೆ ಬೆಂಕಿ ತಗಲುವ ಅಪಾಯವುಂಟು.

ತೊಳೆಯುವ ನೀರು

ಪಾಶ್ಚಾತ್ಯರ ವಿನ್ಯಾಸಗಳು ಕಾಗದದಿಂದ ಒರೆಸಿಕೊಳ್ಳುವವರಿಗಾಗಿ ಮಾಡಿದವು. ನಾವು ನೀರಿನಿಂದ ತೊಳೆದುಕೊಳ್ಳುವವರು. ಆ ನೀರು ಬಕೆಟ್ಟಿಗೆ ಬಿದ್ದರೆ ಎಲ್ಲ ಶ್ರಮವೂ ವ್ಯರ್ಥ. ತಮಿಳುನಾಡಿನ ಮುಸಿರಿಯಲ್ಲಿ ಕಟ್ಟಿರುವ ಒಣ ಶೌಚಾಲಯಗಳಲ್ಲಿ ತೊಳೆಯುವ ನೀರಿಗೆ ಮೂರನೆಯ ದಾರಿಯೊಂದನ್ನು ಬಿಡಲಾಗಿದೆ. ವ್ಯಾನಿನಲ್ಲಿ ಅಷ್ಟು ಸ್ಥಳವಿರುವುದಿಲ್ಲ. ಆದುದರಿಂದ ಮೊದಲು ಕಾಗದದಿಂದ ಒರೆಸಿಕೊಂಡು, ಪಕ್ಕದಲ್ಲಿರಿಸಿದ ಅಗಲ ಬಾಯಿಯ ಬೇಸಿನ್ನಿನ ಮೇಲೆ ಕುಳಿತು ಸ್ವಲ್ಪವೇ ನೀರಿನಿಂದ ತೊಳೆದುಕೊಳ್ಳಬೇಕು. ಆ ನೀರಿಗೆ ಪ್ರತ್ಯೇಕವಾದ ಮುಚ್ಚಳದ ಕ್ಯಾನಿರಲಿ. ಇದರಲ್ಲಿ ಮಲದ ಅಂಶವಿರುವುದರಿಂದ ಗಿಡಗಳಿಗೆ ಹಾಕದೆ ಶೌಚಾಲಯಕ್ಕೇ ಸುರಿಯಬೇಕು. ಪ್ರತಿಸಲವೂ ಸೋಪಿನಿಂದ ಕೈ ತೊಳೆಯುವುದನ್ನು ಮರೆಯಲಾಗದು.

ವಿಲೇವಾರಿ

ಮೂತ್ರದ ಕ್ಯಾನನ್ನು ದಿನವೂ ಶೌಚಾಲಯದಲ್ಲಿ ಬರಿದು ಮಾಡಬೇಕು. ಸ್ವಂತ ತೋಟವಿದ್ದಲ್ಲಿ ಒಂದಕ್ಕೆ ಎಂಟು ಹತ್ತು ಪಾಲು ನೀರು ಬೆರೆಸಿ ಮರಗಳ ಬುಡಕ್ಕೆ ಹಾಕಬಹುದು. ಸೋಂಕಿರುವವರ, ಕ್ಯಾನ್ಸರ್ ಔಷಧ ಪಡೆಯುತ್ತಿರುವವರ ಮೂತ್ರವನ್ನು ಹಾಗೆ ಹಾಕಬಾರದು. ಆಲಿಕೆಯನ್ನು ನೀರು ಮತ್ತು ಸ್ವಲ್ಪ ವಿನೆಗರ್‌ನಿಂದ ತೊಳೆದರೆ ಸಾಕು. ಬ್ಲೀಚಿಂಗ್ ದ್ರಾವಣವು ಮೂತ್ರದ ಅಮೋನಿಯದೊಡನೆ ಸೇರಿ ಉಸಿರಾಟಕ್ಕೆ ಹಾನಿಕರವಾದ ಅನಿಲವನ್ನು ಹುಟ್ಟಿಸುವುದರಿಂದ ಅದನ್ನು ಬಳಸಬಾರದು.

ಇನ್ನು ಬಕೆಟ್ಟು. ಒಬ್ಬರಿಗೆ ದಿನಕ್ಕೆ 250 ಗ್ರಾಮೆಂದು ಹಿಡಿದರೂ ನಾಲ್ವರ ಮೂರು ದಿನಗಳ ಮಲವು 3 ಕಿಲೋ ಮಾತ್ರ. ಮುಚ್ಚಳ ಬಿಗಿದು ಮನೆಗೆ ಹಿಂದಿರುಗಿಸಿ ತರುವುದು ಅಸಾಧ್ಯವಾದ ಭಾರವಲ್ಲ. ಮನೆಗೆ ಬಂದ ಮೇಲೆ ಬಾವಿ, ಹಳ್ಳಗಳಿಂದ ದೂರದಲ್ಲಿ, ಸ್ವಂತ ಜಮೀನಿನ ಗುಂಡಿಗೆ ಹಾಕಿ ಮಣ್ಣು ಮುಚ್ಚಬೇಕು. ಜಂತುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ದೀರ್ಘಕಾಲ ಜೀವದಿಂದಿರುತ್ತವೆ. ಆದ್ದರಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಗುಂಡಿಯನ್ನು ಕೆದಕದೆ ಬಿಟ್ಟು, ಅನಂತರ ಹಣ್ಣಿನ ಮರವನ್ನು ನೆಡಬಹುದು. ತರಕಾರಿಯ ಮಡಿಗಳಿಗೆ ಇದು ಸಲ್ಲದು. ಪ್ರಯಾಣದಲ್ಲಿ ಯಾರಿಗಾದರೂ ವಾಂತಿಭೇದಿಯಾದರೆ ಈ ಏರ್ಪಾಡನ್ನು ನಂಬಿ ಮುಂದುವರಿಯದೆ ಆಸ್ಪತ್ರೆಗೆ ಹೋಗುವುದೇ ಯುಕ್ತ.

ಬಕೆಟ್ಟಿನಲ್ಲಿರುವುದನ್ನು ಚೀಲಕ್ಕೆ ತುಂಬಿ ದಾರಿಯ ಕಸದ ತೊಟ್ಟಿಗೆ ಎಸೆಯುವ ಯೋಚನೆ ಕೆಲವರಿಗೆ ಬರಬಹುದು. ಆ ಚೀಲವನ್ನು ಮರುದಿನ ಒಬ್ಬ ಪೌರಕಾರ್ಮಿಕರು ತಮ್ಮ ಕೈಯಿಂದ ತೆರೆಯಬೇಕಾಗುತ್ತದೆಂಬುದನ್ನು ನೆನೆದರೆ ಆ ಯೋಚನೆಯು ತಾನಾಗಿ ನಿಲ್ಲುತ್ತದೆ. ನಮ್ಮ ಅನುಕೂಲದ ಬೆಲೆಯನ್ನು ಇನ್ನೊಬ್ಬರ ಕೈಗಳು ತೆರಬಾರದು.

ಕಳೆದ ಬಾರಿ ಪ್ರವಾಸಕ್ಕೆ ಹೊರಟಾಗ ನಮ್ಮ ತಾಯಿಯವರು ಎರಡು ಗಂಟೆಗೊಮ್ಮೆ ತಾವಾಗಿಯೇ ನೀರಿನ ಬಾಟಲಿಯನ್ನು ಕೇಳಿ ಪಡೆದು ಕುಡಿದರು. ಮನೆಗೆ ಮರಳಿದ ಸಂಜೆ ಬಕೆಟ್ಟನ್ನು ಹಿತ್ತಲಿನ ಗುಂಡಿಗೆ ಒಯ್ದವನು ನಾನೇ. ಆ ಕೆಲಸಕ್ಕೆ ಕಾಲುಗಂಟೆಯೂ ಹಿಡಿಯಲಿಲ್ಲ.