ಹೆಬ್ಬಾಳವೋ, ಬೀದರೋ?

ಕಾಲೇಜು ಆಯ್ಕೆಯ ಆಪ್ಷನ್ ಎಂಟ್ರಿ ಶುರುವಾದಾಗ ಪಶುವೈದ್ಯಕೀಯ ಸೀಟಿನ ಆಸೆಯಿರುವ ಮನೆಗಳಲ್ಲಿ ದೊಡ್ಡ ಚರ್ಚೆಯೇನೂ ನಡೆಯುವುದಿಲ್ಲ. ಮೊದಲು ಬೆಂಗಳೂರಿನ ಹೆಬ್ಬಾಳ, ಆಮೇಲೆ ಮನೆಗೆ ಹತ್ತಿರವಿರುವುದು, ಪಟ್ಟಿಯ ತಳದಲ್ಲಿ ಬೀದರ್. ಯಾಕೆ ಎಂದರೆ ‘ಅಷ್ಟು ದೂರ ಯಾರು ಹೋಗ್ತಾರೆ’ ಎನ್ನುವ ಉತ್ತರ ಸಿದ್ಧವಾಗಿರುತ್ತದೆ. ಬೆಂಗಳೂರಿನಿಂದ ಬೀದರಿಗೆ ಸುಮಾರು 700 ಕಿ.ಮೀ. ಇರುವುದು ನಿಜ. ಆದರೆ ಐದೂವರೆ ವರ್ಷದ ಓದನ್ನು ಬಸ್ಸಿನ ದಾರಿ ನೋಡಿ ತೀರ್ಮಾನಿಸುವುದು ಸರಿಯೇ?

ಕಾಗದದ ಮೇಲೆ ಎರಡೂ ಒಂದೇ. ಹೆಬ್ಬಾಳದ ಕಾಲೇಜು 1958ರದ್ದು, ಬೀದರಿನದು 1983ರದ್ದು. ಹಿಂದೆ ಕೃಷಿ ವಿಶ್ವವಿದ್ಯಾಲಯಗಳ ಅಧೀನದಲ್ಲಿದ್ದ ಇವು ಈಗ 2004ರ ಕಾಯ್ದೆಯಿಂದ ಹುಟ್ಟಿದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳು. ಆ ವಿ.ವಿ.ಯ ಕೇಂದ್ರಸ್ಥಾನ ಬೀದರ್. ಹಾಗೆ ನೋಡಿದರೆ ದೂರದ ಕಾಲೇಜು ಹೆಬ್ಬಾಳದ್ದೇ! ಪಠ್ಯವೂ ಬೇರೆಯಲ್ಲ. ಭಾರತೀಯ ಪಶುವೈದ್ಯಕೀಯ ಪರಿಷತ್ತಿನ 2016ರ ನಿಯಮಾವಳಿ ಹೇಳಿದಂತೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಪದವಿ ಪತ್ರದ ಮೇಲೆ ಒಂದೇ ಮುದ್ರೆ, ಸರ್ಕಾರಿ ನೇಮಕಾತಿಯಲ್ಲಿ ಒಂದೇ ಬೆಲೆ.

ವ್ಯತ್ಯಾಸ ಕಾಣಬೇಕಾದರೆ ಬೆಳಿಗ್ಗೆ ಆಸ್ಪತ್ರೆಯ ಗೇಟಿನ ಹತ್ತಿರ ನಿಲ್ಲಬೇಕು. ಹೆಬ್ಬಾಳದಲ್ಲಿ ನಾಯಿ, ಬೆಕ್ಕುಗಳ ಸಾಲೇ ಉದ್ದ. ಪಾರ್ವೊ ಬಡಿದು ತಲೆ ಎತ್ತಲಾಗದ ಮರಿ, ಮೂತ್ರ ಕಟ್ಟಿದ ಗಂಡು ಬೆಕ್ಕು, ಹಿಂಗಾಲು ಎಳೆಯುವ ಲ್ಯಾಬ್ರಡಾರ್. ಜೊತೆಗೆ, ಮೊಬೈಲಿನಲ್ಲಿ ಎಲ್ಲ ಓದಿಕೊಂಡು ಬಂದ ಮಾಲೀಕರು. ರಕ್ತ ಪರೀಕ್ಷೆ, ಎಕ್ಸ್‌ರೇ, ಸ್ಕ್ಯಾನಿಂಗ್ ನೋಡಿ ರೋಗ ಹಿಡಿಯುವುದನ್ನು ಕಲಿಯಲು ಇದು ಒಳ್ಳೆಯ ಜಾಗ. ಸುತ್ತಮುತ್ತ ಬೇರೆ ಅನುಕೂಲಗಳೂ ಇವೆ. ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಬೆಂಗಳೂರು ಕ್ಯಾಂಪಸ್ ಹೆಬ್ಬಾಳದಲ್ಲೇ ಇದೆ, ರಾಜ್ಯದ ಪಶು ಲಸಿಕೆ ತಯಾರಿಸುವ ಸಂಸ್ಥೆಯೂ ಅಲ್ಲೇ. ಪಶುರೋಗಗಳ ಹರಡುವಿಕೆಯನ್ನು ಅಧ್ಯಯನ ಮಾಡುವ ‘ನಿವೇದಿ’ ಯಲಹಂಕದಲ್ಲಿದೆ. ಸಂಶೋಧನೆಯ ಗುಂಗು ಹತ್ತಿದವರು ಊರು ಬಿಡಬೇಕಾಗಿಲ್ಲ.

ಬೀದರ್ ಇನ್ನೊಂದೇ ಲೋಕ. ಕಪ್ಪು-ಬಿಳಿ ಮೈಯ, ಜೋಲುಗಿವಿಯ ದೇವಣಿ ತಳಿಯ ಸ್ವಂತ ಸೀಮೆಯಿದು. ಅದರ ಸಂಶೋಧನಾ ಕೇಂದ್ರವೂ ಇದೇ ಜಿಲ್ಲೆಯಲ್ಲಿದೆ. ಎಮ್ಮೆ, ಎತ್ತು, ಆಡುಗಳನ್ನು ಕರೆತರುವ ರೈತರ ಮಾತಿನಲ್ಲಿ ಕನ್ನಡದೊಡನೆ ದಖನಿ, ಮರಾಠಿ, ತೆಲುಗು ಬೆರೆತಿರುತ್ತವೆ. ಮಂಡ್ಯದ ಹುಡುಗ ಮೊದಲ ವರ್ಷ ತಬ್ಬಿಬ್ಬಾಗಬಹುದು. ಆದರೆ ಮೇವು ಬಿಟ್ಟು ಎಷ್ಟು ದಿನವಾಯಿತು, ಗಬ್ಬವೋ ಅಲ್ಲವೋ ಎಂದು ಯಾವ ಭಾಷೆಯಲ್ಲಾದರೂ ಕೇಳಿ ತಿಳಿಯುವುದು ಈ ವೃತ್ತಿಯ ಅರ್ಧ ಕೆಲಸ.

ಉಳಿದರ್ಧ ಕೈಯಿಂದಲೇ ಕಲಿಯುವಂಥದ್ದು. ಅದಕ್ಕೆ ಒಂದು ಉದಾಹರಣೆ ಸಾಕು. ಎಮ್ಮೆಗಳ ಹೆರಿಗೆ ಕಷ್ಟವಾಗಲು ಬಹುಮುಖ್ಯ ಕಾರಣ ಗರ್ಭಕೋಶ ತಿರುಚಿಕೊಳ್ಳುವುದು. ನೋವು ಬಂದು ಗಂಟೆಗಳಾದರೂ ಕರು ಬರುವುದಿಲ್ಲ. ಒಳಗೆ ಕೈ ಹಾಕಿದರೆ ದಾರಿ ಹಿಂಡಿದ ಒದ್ದೆ ಬಟ್ಟೆಯಂತೆ ಸುರುಳಿಗಟ್ಟಿರುತ್ತದೆ. ಆ ಸುರುಳಿ ಎಡಕ್ಕೋ ಬಲಕ್ಕೋ ಎಂದು ಬೆರಳೇ ಹೇಳಬೇಕು. ತಿರುಚಿರುವ ಮಗ್ಗುಲಿಗೇ ಎಮ್ಮೆಯನ್ನು ಕೆಡವಿ, ಕಾಲು ಕಟ್ಟಿ, ಪಕ್ಕೆಯ ಮೇಲೊಂದು ಹಲಗೆ ಇಟ್ಟು ಒಬ್ಬರು ಅದರ ಮೇಲೆ ನಿಲ್ಲುತ್ತಾರೆ. ಉಳಿದವರು ಹಗ್ಗ ಹಿಡಿದು ತಿರುಚಿದ ದಿಕ್ಕಿಗೇ ಉರುಳಿಸುತ್ತಾರೆ. ಹಲಗೆ ಒಳಗಿನ ಕರುವನ್ನು ಅಲ್ಲೇ ಒತ್ತಿ ಹಿಡಿದರೆ, ಹೊರಗಿನ ಮೈ ತಿರುಗಿ ತಿರುಚು ಬಿಡುತ್ತದೆ. ಮತ್ತೆ ಕೈ ಹಾಕಿ ನೋಡಬೇಕು. ಬಿಟ್ಟಿದ್ದರೆ ಕೈ ಸಲೀಸಾಗಿ ಕರುವಿನ ಗೊರಸು ಮುಟ್ಟುತ್ತದೆ. ಬಿಡದಿದ್ದರೆ ಸಿಸೇರಿಯನ್ನೇ ಗತಿ. ಪುಸ್ತಕದಲ್ಲಿ ಇದು ಒಂದು ಪುಟ. ತೋಳು ಒಳಗಿಟ್ಟು ಮಲಗಿ ಕಲಿತವರಿಗೆ ಮಾತ್ರ ನಡುರಾತ್ರಿ ಹಳ್ಳಿಯ ಕೊಟ್ಟಿಗೆಯಲ್ಲಿ ಧೈರ್ಯ ಬರುತ್ತದೆ.

ಹಾಗೆಂದು ಹೆಬ್ಬಾಳದಲ್ಲಿ ಹಸು ಎಮ್ಮೆ ಬರುವುದೇ ಇಲ್ಲ, ಬೀದರಿನಲ್ಲಿ ನಾಯಿಗೆ ಚಿಕಿತ್ಸೆಯೇ ಇಲ್ಲ ಎಂದಲ್ಲ. ಯಾವುದು ಹೆಚ್ಚು ಬರುತ್ತದೆ ಎನ್ನುವುದಷ್ಟೇ ಪ್ರಶ್ನೆ. ಈಗ ಶಿವಮೊಗ್ಗ, ಹಾಸನ, ಗದಗ, ಅಥಣಿಗಳಲ್ಲೂ ಕಾಲೇಜುಗಳಿವೆ. ಅಲ್ಲಿಗೂ ಇದೇ ಪ್ರಶ್ನೆ ಹಾಕಬಹುದು.

ಕಲ್ಯಾಣ ಕರ್ನಾಟಕದ ಮಕ್ಕಳ ಲೆಕ್ಕ ಮಾತ್ರ ಸ್ವಲ್ಪ ಬೇರೆ. ಸಂವಿಧಾನದ 371(ಜೆ) ವಿಧಿಯ ಅಡಿ ಆ ಭಾಗದ ಕಾಲೇಜುಗಳಲ್ಲಿ ಶೇಕಡಾ 70 ಸೀಟು ಸ್ಥಳೀಯರಿಗೆ, ಹೊರಗಿನ ಕಾಲೇಜುಗಳಲ್ಲಿ ಶೇಕಡಾ 8. ಕಲಬುರಗಿ, ರಾಯಚೂರಿನ ಹುಡುಗಿಗೆ ಬೀದರ್ ಸೀಟು ಕೈಗೆಟಕುವ ರ‍್ಯಾಂಕಿನಲ್ಲೇ ಬೆಂಗಳೂರಿನ ಹುಡುಗನಿಗೆ ಅದು ತಪ್ಪಿಹೋಗಬಹುದು.

ನನ್ನನ್ನು ಕೇಳಿದರೆ, ನಗರದಲ್ಲಿ ಪೆಟ್ ಕ್ಲಿನಿಕ್ ತೆರೆಯುವ ಅಥವಾ ಪ್ರಯೋಗಾಲಯದಲ್ಲಿ ಕೂರುವ ಮನಸ್ಸಿದ್ದವರಿಗೆ ಹೆಬ್ಬಾಳ. ಹೋಬಳಿ, ತಾಲ್ಲೂಕು ಆಸ್ಪತ್ರೆಯ ಡಾಕ್ಟರಾಗಲು ಹೊರಟವರಿಗೆ ಬೀದರ್, ಅದೂ ಹಿಂಜರಿಕೆಯಿಲ್ಲದೆ. ಸರ್ಕಾರಿ ಕೆಲಸ ಸಿಕ್ಕಿದರೆ ಎದುರಿಗೆ ನಿಲ್ಲುವುದು ಪೊಮೆರೇನಿಯನ್ ಅಲ್ಲ, ಹೆರಿಗೆ ಕಷ್ಟದ ಎಮ್ಮೆ. ಹೆಬ್ಬಾಳದ ಹೆಸರಿಗಾಗಿ ಮಾತ್ರ ಅದನ್ನು ಆರಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಸಾಧ್ಯವಾದರೆ ಎರಡೂ ಕಡೆ ಒಂದು ಕೆಲಸದ ದಿನ ಬೆಳಿಗ್ಗೆ ಹೋಗಿ ಬನ್ನಿ. ಕಟ್ಟಡ ನೋಡಬೇಡಿ, ಪ್ರಾಂಶುಪಾಲರ ಕೊಠಡಿಗೂ ಹೋಗಬೇಡಿ. ಇಂಟರ್ನ್‌ಗಳನ್ನು ಹಿಡಿದು ಕೇಳಿ: ಗರ್ಭ ಪರೀಕ್ಷೆಗೆ ಗ್ಲೌಸ್ ಹಾಕಿಕೊಳ್ಳುವ ಸರದಿ ನಿಮಗೆ ವಾರಕ್ಕೆ ಎಷ್ಟು ಸಲ ಬರುತ್ತದೆ? ಹಳ್ಳಿಗೆ ಹೋಗುವ ಆಸ್ಪತ್ರೆ ವಾಹನ ನಿಜವಾಗಿ ಓಡುತ್ತದೆಯೋ, ಶೆಡ್ಡಿನಲ್ಲಿ ನಿಂತಿದೆಯೋ? ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು ಮಂದಿ? ಉತ್ತರ ಸಿಕ್ಕ ಮೇಲೆ ಮನೆಗೆ ಬಂದು ಪಟ್ಟಿ ತಿದ್ದಿ. ಕೊನೆಯ ದಿನಾಂಕದವರೆಗೆ ಆಯ್ಕೆಗಳ ಕ್ರಮ ಬದಲಿಸಲು ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರ ಅವಕಾಶ ಕೊಡುತ್ತದೆ.